ಮೊದಲ ಐದು ಲೀಟರ್ ವೈನ್: ಎಲ್ಲಿಂದ ಆರಂಭಿಸಲಿ?

ಮೊದಲ ಜಾಡಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ವೈನ್ ಮಾಡಬೇಕೆಂಬ ಆಸೆ ಎರಡು ವರ್ಷಗಳಿಂದ ಇದೆ. ಕಳೆದ ವಾರ ಧೈರ್ಯ ಮಾಡಿ ಐದು ಲೀಟರಿನ ಗಾಜಿನ ಜಾಡಿಯೊಂದನ್ನು ತಂದು, ತೊಳೆದು, ಬೋರಲು ಹಾಕಿ ಇಟ್ಟಿದ್ದೇನೆ. ಕೆಲಸ ಅಲ್ಲಿಗೇ ನಿಂತಿದೆ.

ಓದಿದಷ್ಟೂ ಗೊಂದಲ ಹೆಚ್ಚುತ್ತಿದೆ. ಒಬ್ಬರು ದ್ರಾಕ್ಷಿ ಹಿಚುಕಿ, ಸಕ್ಕರೆ ಸುರಿದು, ಬಾಯಿಗೆ ಬಟ್ಟೆ ಕಟ್ಟಿ 21 ದಿನ ಮರೆತುಬಿಡಿ ಎನ್ನುತ್ತಾರೆ. ಇನ್ನೊಬ್ಬರ ಪಟ್ಟಿಯಲ್ಲಿ ನಾನು ಹೆಸರೇ ಕೇಳಿರದ ಹತ್ತು ಪುಡಿಗಳಿವೆ. ಯಾವ ಸಲಕರಣೆ ಇಲ್ಲದಿದ್ದರೆ ಕೆಲಸ ಆಗುವುದೇ ಇಲ್ಲ? ಬ್ರೆಡ್ಡಿಗೆ ಹಾಕುವ ಯೀಸ್ಟ್ ಸಾಕೇ? ಸಕ್ಕರೆ ಎಷ್ಟು ಹಾಕಬೇಕು? ಮುಗಿಯಿತೆಂದು ತಿಳಿಯುವುದು ಹೇಗೆ? ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ನಮ್ಮ ಅತ್ತೆಯವರದು: ಇದು ವಿಷವಾಗಿಬಿಟ್ಟರೆ? ಅವರಿಗೆ ಸರಿಯಾದ ಉತ್ತರ ಕೊಡದೆ ನಾನು ಜಾಡಿ ಮುಟ್ಟುವುದಿಲ್ಲ.

ಹದಗಾರ

ಸ್ವಾಗತ. ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಮನೆಬಳಕೆಗೆ ವೈನ್ ಮಾಡಿಕೊಳ್ಳುವ ಬಗ್ಗೆ ಒಂದೊಂದು ಕಡೆ ಒಂದೊಂದು ನಿಯಮ ಇದೆ. ನೀವಿರುವ ಕಡೆ ಏನಿದೆ ಎಂದು ನೋಡಿಕೊಂಡೇ ಮುಂದುವರಿಯಿರಿ.

ಸಲಕರಣೆ ಹೆಚ್ಚೇನೂ ಬೇಡ. ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ಕಿನ, ಅಗಲ ಬಾಯಿಯ, ಹನ್ನೆರಡು ಲೀಟರಿಗೆ ಕಡಿಮೆ ಇಲ್ಲದ ಒಂದು ಬಕೆಟ್. ನಿಮ್ಮ ಜಾಡಿ. ಅದರ ಬಾಯಿಗೆ ಬಿಗಿಯಾಗಿ ಕೂರುವ, ನಡುವೆ ತೂತಿರುವ ರಬ್ಬರ್ ಬಿರಡೆ. ಆ ತೂತಿಗೆ ಏರ್‌ಲಾಕ್, ಅಂದರೆ ಒಳಗಿನ ಅನಿಲವನ್ನು ಗುಳ್ಳೆಯಾಗಿ ಹೊರಬಿಟ್ಟು ಹೊರಗಿನ ಗಾಳಿಯನ್ನು ತಡೆಯುವ ಪುಟ್ಟ ಸಾಧನ. ಒಂದೂವರೆ ಮೀಟರ್ ಕೊಳವೆ, ಸೋಸಲು ನೈಲಾನ್ ಚೀಲ. ಕೊನೆಯದಾಗಿ ಹೈಡ್ರೋಮೀಟರ್, ರಸದ ಸಾಂದ್ರತೆ ಅಳೆಯುವ ಗಾಜಿನ ಕಡ್ಡಿ. ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳನ್ನು ದೂರ ಇಡಿ. ರಸದ ಹುಳಿ ಅವನ್ನು ತಿನ್ನುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಆಗಬಹುದು.

ಹೊಸಬರು ಈ ಪಟ್ಟಿಯಲ್ಲಿ ಕೈಬಿಡುವುದು ಹೈಡ್ರೋಮೀಟರನ್ನೇ. ದಯವಿಟ್ಟು ಬಿಡಬೇಡಿ. ಉಳಿದ ಯಾವುದಕ್ಕಾದರೂ ಬದಲಿ ಹುಡುಕಬಹುದು, ಇದಕ್ಕೆ ಬದಲಿ ಇಲ್ಲ. "ಸಕ್ಕರೆ ಎಷ್ಟು", "ಮುಗಿಯಿತೋ ಇಲ್ಲವೋ" ಎಂಬ ನಿಮ್ಮ ಎರಡು ಪ್ರಶ್ನೆಗಳಿಗೆ ಉತ್ತರ ಕೊಡುವುದು ಆ ಗಾಜಿನ ಕಡ್ಡಿಯೇ, ನಾನಲ್ಲ.

ಅದು ಕೆಲಸ ಮಾಡುವ ಬಗೆ ಸರಳ. ನೀರಿನಲ್ಲಿ ತೇಲಿಬಿಟ್ಟರೆ 1.000 ತೋರಿಸುತ್ತದೆ. ಸಕ್ಕರೆ ಕರಗಿದ ರಸ ನೀರಿಗಿಂತ ಭಾರ, ಹಾಗಾಗಿ ಕಡ್ಡಿ ಮೇಲೆ ನಿಲ್ಲುತ್ತದೆ. ಸಕ್ಕರೆ ಆಲ್ಕೋಹಾಲ್ ಆಗುತ್ತ ಹೋದಂತೆ ಕಡ್ಡಿ ದಿನದಿನವೂ ಕೆಳಗಿಳಿಯುತ್ತದೆ. ಪೂರ್ತಿ ಒಣ ವೈನಿನಲ್ಲಿ, ಅಂದರೆ ಸಿಹಿ ಉಳಿಯದ ವೈನಿನಲ್ಲಿ, ಅದು 0.990ರಿಂದ 0.996ರ ನಡುವೆ ನಿಲ್ಲುತ್ತದೆ. ನೀರಿಗಿಂತ ಕಡಿಮೆ ಹೇಗೆ ಎಂದು ಆಶ್ಚರ್ಯ ಬೇಡ, ಆಲ್ಕೋಹಾಲ್ ನೀರಿಗಿಂತ ಹಗುರ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ತಿನ್ನುವ ದ್ರಾಕ್ಷಿ ತಂದಿರಿ ಎನ್ನೋಣ. ಒಂದು ಕಿಲೋ ಹಣ್ಣಿಗೆ ಮುಕ್ಕಾಲು ಲೀಟರಿಗೂ ಸ್ವಲ್ಪ ಕಡಿಮೆ ರಸ ಸಿಗುತ್ತದೆ, ಐದು ಲೀಟರಿಗೆ ಏಳೆಂಟು ಕಿಲೋ ಬೇಕು. ಹಿಚುಕಿ, ಸ್ವಲ್ಪ ರಸವನ್ನು ಸೋಸಿ ಉದ್ದನೆಯ ಗಾಜಿನ ನಳಿಗೆಯಲ್ಲಿ ತುಂಬಿ, ಹೈಡ್ರೋಮೀಟರ್ ಇಳಿಬಿಡಿ. ಬೆರಳಿನಿಂದ ಒಮ್ಮೆ ತಿರುಗಿಸಿ. ಮೈಗೆ ಅಂಟಿದ ಗುಳ್ಳೆಗಳು ಉದುರದಿದ್ದರೆ ಅಳತೆ ಸುಳ್ಳು ಹೇಳುತ್ತದೆ. ಕಣ್ಣನ್ನು ರಸದ ಮಟ್ಟಕ್ಕೆ ತಂದು ಓದಿ. ಗಾಜಿನ ಅಂಚಿನಲ್ಲಿ ರಸ ಸ್ವಲ್ಪ ಮೇಲಕ್ಕೆ ಏರಿರುತ್ತದೆ, ಅದನ್ನಲ್ಲ, ನಡುವಿನ ತಗ್ಗನ್ನು ಓದಬೇಕು.

1.065 ಬಂತೆನ್ನಿ. ತಿನ್ನುವ ದ್ರಾಕ್ಷಿಯಲ್ಲಿ ಅಷ್ಟೇ ಸಿಹಿ ಇರುವುದು ಸಾಮಾನ್ಯ. ವೈನಿಗೆಂದೇ ಬೆಳೆದ ತಳಿಗಳು ಇನ್ನೂ ಸಿಹಿ. ನಮಗೆ 1.088 ಬೇಕು. ವ್ಯತ್ಯಾಸ 23 ಅಂಶ (0.001 ಎಂದರೆ ಒಂದು ಅಂಶ). ಒಂದು ಲೀಟರಿನಲ್ಲಿ ಒಂದು ಅಂಶ ಏರಿಸಲು ಸುಮಾರು 2.6 ಗ್ರಾಂ ಸಕ್ಕರೆ. ಲೀಟರಿಗೆ 60 ಗ್ರಾಂ, ಐದು ಲೀಟರಿಗೆ 300 ಗ್ರಾಂ. ಅಷ್ಟೇ! ಕಿಲೋಗಟ್ಟಲೆ ಸುರಿಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅತಿ ಸಿಹಿಯಾದ ರಸದಲ್ಲಿ ಯೀಸ್ಟ್ ಕೆಲಸ ಆರಂಭಿಸಲೇ ಒದ್ದಾಡುತ್ತದೆ. ಸಕ್ಕರೆಯನ್ನು ಸ್ವಲ್ಪ ರಸದಲ್ಲಿ ಪೂರ್ತಿ ಕರಗಿಸಿ ಹಾಕಿ, ಕಲಕಿ, ಮತ್ತೆ ಅಳೆಯಿರಿ.

1.088ರಲ್ಲಿ ಹೊರಟು 0.994ರಲ್ಲಿ ನಿಂತರೆ ವ್ಯತ್ಯಾಸ 0.094. ಅದನ್ನು 131ರಿಂದ ಗುಣಿಸಿ: ಶೇಕಡಾ 12ಕ್ಕೆ ತುಸು ಮೇಲೆ ಆಲ್ಕೋಹಾಲ್. ಒಳ್ಳೆಯ, ಬಾಳಿಕೆ ಬರುವ ವೈನಿಗೆ ಅದು ಸರಿಯಾದ ಮಟ್ಟ.

ಬರೆದಿಡಲು ಒಂದು ನೋಟುಪುಸ್ತಕ ಇಟ್ಟುಕೊಳ್ಳಿ. ದಿನ, ಉಷ್ಣತೆ, ಅಳತೆ, ವಾಸನೆ. ಎರಡನೆಯ ಸಲ ಮಾಡುವಾಗ ಅದರ ಬೆಲೆ ತಿಳಿಯುತ್ತದೆ.

ಪ್ರಯೋಗಶಾಲೆ

ನಾನು ಸೂಕ್ಷ್ಮಜೀವಿಶಾಸ್ತ್ರ ಪಾಠ ಮಾಡುತ್ತೇನೆ. ಅತ್ತೆಯವರ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದು ನಿಜವಾಗಿ ಒಳ್ಳೆಯ ಪ್ರಶ್ನೆ.

ಅವರು ಕೇಳಿರುವುದು ಬಹುಶಃ ಕಳ್ಳಬಟ್ಟಿ ಕುಡಿದು ಕಣ್ಣು ಹೋದ ಸುದ್ದಿಗಳನ್ನು. ಆ ಅನಾಹುತಕ್ಕೆ ಕಾರಣ ಮೆಥನಾಲ್. ಹಣ್ಣಿನ ಸಿಪ್ಪೆಯಲ್ಲಿರುವ ಪೆಕ್ಟಿನ್ ಎಂಬ ಅಂಟು ಪದಾರ್ಥ ಒಡೆದಾಗ ವೈನಿನಲ್ಲೂ ಅದು ಅತಿ ಸಣ್ಣ ಪ್ರಮಾಣದಲ್ಲಿ ಇರುತ್ತದೆ, ಅಂಗಡಿಯಲ್ಲಿ ಸಿಗುವ ವೈನಿನಲ್ಲೂ ಇರುತ್ತದೆ. ಹಣ್ಣಿನ ರಸ ಹುದುಗಿಸಿದ್ದರಿಂದ ಅಪಾಯದ ಮಟ್ಟಕ್ಕೆ ಅದು ಬರುವುದಿಲ್ಲ. ಭಟ್ಟಿ ಇಳಿಸುವುದು ಬೇರೆಯೇ ಸಂಗತಿ. ಅದನ್ನು ಮನೆಯಲ್ಲಿ ಮಾಡಬಾರದು. ಬೆಂಕಿಯ ಅಪಾಯ ಇದೆ, ಬಹುತೇಕ ಎಲ್ಲ ಕಡೆಯೂ ಕಾನೂನುಬಾಹಿರ. ಇನ್ನು ರೋಗಾಣುಗಳ ವಿಷಯ: ವೈನಿನ ಹುಳಿ ಮತ್ತು ಆಲ್ಕೋಹಾಲ್ ಎರಡೂ ಸೇರಿದ ಕಡೆ ಮನುಷ್ಯನಿಗೆ ರೋಗ ತರುವ ಬ್ಯಾಕ್ಟೀರಿಯಾ ಬಾಳುವುದು ಬಲು ಕಷ್ಟ. ವೈನ್ ಕೆಟ್ಟರೆ ವಿನೆಗರ್ ಆಗುತ್ತದೆ ಅಥವಾ ನಾರುತ್ತದೆ. ಮೇಲೆ ಬೂಸ್ಟು ಹಿಡಿದರೆ ಮಾತ್ರ ಹಿಂದೆಮುಂದೆ ನೋಡದೆ ಚೆಲ್ಲಿ. ಆಲ್ಕೋಹಾಲಿಗೆ ಅದರದೇ ಹಾನಿ ಇದೆ, ಗರ್ಭಿಣಿಯರು, ಮಕ್ಕಳು, ಔಷಧ ತೆಗೆದುಕೊಳ್ಳುವವರು ದೂರ ಇರಬೇಕು, ಅದನ್ನು ಮುಚ್ಚಿಡುವುದಿಲ್ಲ.

ಈಗ ಯೀಸ್ಟ್. ಹುದುಗುವಿಕೆ ಜೀವಂತ ಕೋಶಗಳ ಕೆಲಸ ಎಂದು 1850-60ರ ದಶಕಗಳಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟರು. 1897ರಲ್ಲಿ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಅರೆದು ಹಿಂಡಿದ ರಸವೂ ಸಕ್ಕರೆಯನ್ನು ಹುದುಗಿಸುತ್ತದೆ ಎಂದು ಕಂಡುಕೊಂಡರು. 1907ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು. ನಿಮ್ಮ ಬಕೆಟ್ಟಿನಲ್ಲಿ ನಡೆಯುವುದೂ ಇದೇ. ಯೀಸ್ಟ್ ಸಕ್ಕರೆ ತಿಂದು ಹೆಚ್ಚುಕಡಿಮೆ ಅರ್ಧ ತೂಕ ಆಲ್ಕೋಹಾಲ್, ಅರ್ಧ ತೂಕ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಖರ್ಚಾದರೆ ಶೇಕಡಾ 1 ಆಲ್ಕೋಹಾಲ್.

ಬ್ರೆಡ್ಡಿನ ಯೀಸ್ಟೂ ಇದೇ ಜಾತಿಯದು, ಸ್ಯಾಕರೋಮೈಸಿಸ್ ಸೆರೆವಿಸಿಯೆ. ಆದರೆ ಅದನ್ನು ಆರಿಸಿ ಬೆಳೆಸಿದ್ದು ಹಿಟ್ಟು ಉಬ್ಬಿಸಲು. ಅದರಿಂದಲೂ ವೈನ್ ಆಗುತ್ತದೆ, ಆದರೆ ತಳ ಕೂರಲು ಸತಾಯಿಸುತ್ತದೆ, ಆಲ್ಕೋಹಾಲ್ ಏರಿದಾಗ ಅರ್ಧದಲ್ಲೇ ಕೈಬಿಡಬಹುದು. ವೈನಿನ ಯೀಸ್ಟ್ ತೆಗೆದುಕೊಳ್ಳಿ. ಅದರಲ್ಲಿ ಇಸಿ-1118 ಎಂಬ ತಳಿ ಹಟಮಾರಿ, ಶೇಕಡಾ 18ರವರೆಗೂ ತಡೆಯುತ್ತದೆ, ತಂಪಿನಲ್ಲೂ ನಡೆಯುತ್ತದೆ. 71ಬಿ ಎಂಬ ಇನ್ನೊಂದು ತಳಿ ಹಣ್ಣಿನಲ್ಲಿರುವ ಮ್ಯಾಲಿಕ್ ಆಮ್ಲದ ಒಂದು ಭಾಗವನ್ನು ತಾನೇ ತಿಂದು ಹುಳಿ ತಗ್ಗಿಸುತ್ತದೆ, ಹಣ್ಣಿನ ಪರಿಮಳ ಚೆನ್ನಾಗಿ ಬರುತ್ತದೆ. ಐದು ಗ್ರಾಮಿನ ಒಂದು ಪೊಟ್ಟಣ ಐದು ಲೀಟರಿಗೆ ಧಾರಾಳ.

ಪೊಟ್ಟಣವನ್ನು ನೇರವಾಗಿ ಸುರಿಯಬೇಡಿ. 35ರಿಂದ 40 ಡಿಗ್ರಿಯ ನೀರಿನಲ್ಲಿ, ಯೀಸ್ಟಿನ ಹತ್ತರಷ್ಟು ತೂಕದ ನೀರು ಸಾಕು, ಹದಿನೈದು ನಿಮಿಷ ನೆನೆಯಲಿ. ಮೇಲೆ ಕೆನೆಯಂತೆ ನೊರೆ ಏಳುತ್ತದೆ. ಆಮೇಲೆ ರಸವನ್ನೇ ಚಮಚ ಚಮಚವಾಗಿ ಬೆರೆಸಿ ತಣಿಸಿ. ರಸಕ್ಕೂ ಯೀಸ್ಟಿನ ನೀರಿಗೂ ಹತ್ತು ಡಿಗ್ರಿಗಿಂತ ಹೆಚ್ಚು ಅಂತರ ಇರಬಾರದು. ಆ ಆಘಾತದಲ್ಲಿ ಕೋಶಗಳು ಸಾಯುತ್ತವೆ.

ಒಗರು

ಹೊಸಬರನ್ನು ಪೊಟ್ಟಣದ ಯೀಸ್ಟಿಗೆ ತಳ್ಳುವ ಮೊದಲು ಇನ್ನೊಂದು ದಾರಿಯೂ ಇದೆ ಎಂದು ಹೇಳಬೇಕು. ನಾನು ಹನ್ನೊಂದು ವರ್ಷಗಳಿಂದ ಹಣ್ಣಿನ ಮೈಮೇಲಿನ ಯೀಸ್ಟಿನಿಂದಲೇ ಮಾಡುತ್ತಿದ್ದೇನೆ. ಮೊದಲೆರಡು ದಿನ ಏನೂ ಆಗುವುದಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಕೆಟ್ಟಿನ ಬಳಿ ಕಿವಿಯಿಟ್ಟರೆ ಸಣ್ಣ ಮಳೆ ಎಲೆಯ ಮೇಲೆ ಬಿದ್ದಂತೆ ಸದ್ದು. ಸಿಪ್ಪೆಗಳೆಲ್ಲ ಮೇಲೆದ್ದು ದಪ್ಪ ರೊಟ್ಟಿಯಂತೆ ಕಟ್ಟಿಕೊಂಡಿರುತ್ತವೆ. ಅಂಗೈಯಿಂದ ಒತ್ತಿದರೆ ಬಿಸಿ ತಾಗುತ್ತದೆ, ಸಂದಿನಿಂದ ಕೆನ್ನೇರಳೆ ನೊರೆ ಉಕ್ಕುತ್ತದೆ. ಆ ಕ್ಷಣಕ್ಕಾಗಿಯೇ ನಾನು ವರ್ಷವಿಡೀ ಕಾಯುತ್ತೇನೆ. ಒಂದೇ ತೋಟದ ಹಣ್ಣು ಒಂದೊಂದು ವರ್ಷ ಒಂದೊಂದು ರುಚಿ ಕೊಡುತ್ತದೆ, ಪೊಟ್ಟಣದಲ್ಲಿ ಆ ಬೆರಗು ಸಿಗುವುದಿಲ್ಲ.

ಪೊಟ್ಟಣ ಹಾಕಿದರೂ ಬಿಟ್ಟರೂ ಒಂದು ಮಾತು: ಕೆಂಪು ವೈನ್ ಆದರೆ ಆ ಸಿಪ್ಪೆಯ ಪದರವನ್ನು ದಿನಕ್ಕೆ ಎರಡು ಮೂರು ಸಲ ಒಳಗೆ ಒತ್ತಬೇಕು. ಬಣ್ಣ ಮತ್ತು ಒಗರು ಇರುವುದು ಸಿಪ್ಪೆಯಲ್ಲಿ, ಬಹುತೇಕ ದ್ರಾಕ್ಷಿಗಳ ತಿರುಳಿಗೆ ಬಣ್ಣವೇ ಇಲ್ಲ. ಮೇಲೆ ಒಣಗಲು ಬಿಟ್ಟರೆ ಅಲ್ಲೇ ವಿನೆಗರ್ ಶುರುವಾಗುತ್ತದೆ.

ಹದಗಾರ

ಒಗರು ಅವರೇ, ನಿಮ್ಮ ವೈನಿನ ಬಗ್ಗೆ ನನಗೆ ಗೌರವವಿದೆ. ಆದರೂ ಮೊದಲ ಜಾಡಿಗೆ ಈ ದಾರಿ ಬೇಡವೆಂದೇ ಹೇಳುತ್ತೇನೆ. ಹಣ್ಣಿನ ಮೈಮೇಲೆ ಹೆಚ್ಚಾಗಿರುವ ಕಾಡು ಯೀಸ್ಟುಗಳು ಶೇಕಡಾ ನಾಲ್ಕೈದು ಆಲ್ಕೋಹಾಲ್ ಬರುವಷ್ಟರಲ್ಲಿ ಸೋಲುತ್ತವೆ. ಆಮೇಲೆ ಗಟ್ಟಿಗ ಯೀಸ್ಟ್ ಮುಂದೆ ಬರಬೇಕು. ನಿಮ್ಮ ಮನೆಯಲ್ಲಿ, ನಿಮ್ಮ ಪಾತ್ರೆಗಳ ಸುತ್ತ ಅದು ನೆಲೆಯೂರಿದೆ. ಹೊಸಬರ ಮನೆಯಲ್ಲಿ ಅದು ಬರಬಹುದು, ಬಾರದೆಯೂ ಇರಬಹುದು. ಬಾರದಿದ್ದರೆ ಅವರ ಎಂಟು ಕಿಲೋ ಹಣ್ಣು ಹೋಯಿತು, ಜೊತೆಗೆ ಉತ್ಸಾಹವೂ ಹೋಯಿತು.

ಒಗರು

ಒಪ್ಪುತ್ತೇನೆ. ಹಾಗಾದರೆ ಹೀಗೆ ಮಾಡಲಿ: ದೊಡ್ಡ ಪಾಲಿಗೆ ಪೊಟ್ಟಣದ ಯೀಸ್ಟ್, ಒಂದು ಲೀಟರಿನಷ್ಟನ್ನು ಬೇರೆ ಪಾತ್ರೆಯಲ್ಲಿ ಹಾಗೆಯೇ ಬಿಟ್ಟು ನೋಡಲಿ. ಕಳೆದುಕೊಳ್ಳುವುದು ಒಂದೇ ಲೀಟರ್.

ಹಳೆ ಸೀಸೆ

ನಾನು ಇಲ್ಲಿ ಬರೆಯುವುದು ಕಡಿಮೆ. "ಮುಗಿಯಿತೆಂದು ತಿಳಿಯುವುದು ಹೇಗೆ" ಎಂಬ ಪ್ರಶ್ನೆ ನೋಡಿ ಸುಮ್ಮನಿರಲು ಆಗಲಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಚಳಿಗಾಲ. ಏರ್‌ಲಾಕಿನ ಗುಳ್ಳೆ ನಿಂತು ಹತ್ತು ದಿನವಾಗಿತ್ತು. ವೈನ್ ತಿಳಿಯಾಗಿಯೂ ಇತ್ತು. ಹೈಡ್ರೋಮೀಟರ್ 1.006 ತೋರಿಸಿತು. ರುಚಿಗೆ ಸ್ವಲ್ಪ ಸಿಹಿ ಇತ್ತು, ಅದೇ ಚೆಂದ ಎಂದುಕೊಂಡು ತಿರುಪು ಮುಚ್ಚಳದ ಸೀಸೆಗಳಿಗೆ ತುಂಬಿಸಿ ಕಪಾಟಿನಲ್ಲಿ ಇಟ್ಟೆ. ಬೇಸಿಗೆ ಶುರುವಾದ ಒಂದು ರಾತ್ರಿ ಎರಡು ಗಂಟೆಗೆ ಅಡುಗೆಮನೆಯಲ್ಲಿ ಢಮಾರ್ ಎಂಬ ಸದ್ದು. ಎದ್ದು ಹೋಗುವಷ್ಟರಲ್ಲಿ ಎರಡನೆಯದು. ಕಪಾಟಿನ ಬಾಗಿಲು ಕಿತ್ತು ಬಂದಿತ್ತು. ಎದುರು ಗೋಡೆಯಲ್ಲಿ, ನಿಂತ ಮಗುವಿನ ತಲೆಯ ಎತ್ತರದಲ್ಲಿ, ಬೆರಳುದ್ದದ ಗಾಜಿನ ಚೂರು ನಾಟಿಕೊಂಡಿತ್ತು. ನನ್ನ ಮಗಳಿಗೆ ಆಗ ಐದು ವರ್ಷ. ಹಗಲಿನಲ್ಲಿ ಅವಳು ಆಡುವ ಜಾಗ ಅದು.

ಉಳಿದ ಸೀಸೆಗಳನ್ನು ದಪ್ಪ ಕಂಬಳಿ ಹೊದಿಸಿ, ಕನ್ನಡಕ, ಚರ್ಮದ ಕೈಗವಸು ಹಾಕಿಕೊಂಡು ಒಂದೊಂದಾಗಿ ಸಡಿಲಿಸಿದೆ. ಕೈ ನಡುಗುತ್ತಿತ್ತು.

ಆದದ್ದು ಇಷ್ಟೇ: ಚಳಿಗೆ ಯೀಸ್ಟ್ ಮಲಗಿತ್ತು, ಸತ್ತಿರಲಿಲ್ಲ. ಬೇಸಿಗೆಯಲ್ಲಿ ಎದ್ದು ಉಳಿದ ಸಕ್ಕರೆ ತಿಂದಿತು. 1.006ರಲ್ಲಿ ಲೀಟರಿಗೆ 25-30 ಗ್ರಾಂ ಸಕ್ಕರೆ ಉಳಿದಿರುತ್ತದೆ. ಗುಳ್ಳೆಯ ಶಾಂಪೇನ್ ಮಾಡುವವರು ಸೀಸೆಯಲ್ಲಿ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ ಹಾಕಿ ಆರು ಅಟ್ಮಾಸ್ಫಿಯರಿನಷ್ಟು ಒತ್ತಡ ಬರಿಸುತ್ತಾರೆ, ಅದಕ್ಕೆಂದೇ ಮಾಡಿದ ದಪ್ಪ ಸೀಸೆಯಲ್ಲಿ. ನಾನು ಅದಕ್ಕಿಂತ ಹೆಚ್ಚನ್ನು ತೆಳ್ಳನೆಯ ಸೀಸೆಗೆ ತುಂಬಿದ್ದೆ.

ಗುಳ್ಳೆ ನಿಂತರೆ ಮುಗಿಯಿತೆಂದಲ್ಲ. ಬಿರಡೆ ಸೋರಿದರೂ ಗುಳ್ಳೆ ನಿಲ್ಲುತ್ತದೆ. ಮುಗಿದ ಮೇಲೂ, ಬಿಸಿಲೇರಿದರೆ ಕರಗಿದ್ದ ಅನಿಲ ಹೊರಬಂದು ಗುಳ್ಳೆ ಬರುತ್ತದೆ. ನಂಬಬೇಕಾದದ್ದು ಅಳತೆಯನ್ನು: 0.996 ಅಥವಾ ಅದಕ್ಕಿಂತ ಕೆಳಗೆ, ಕೆಲವು ದಿನಗಳ ಅಂತರದಲ್ಲಿ ಮೂರು ಸಲ ಒಂದೇ ಅಂಕಿ. ಅಷ್ಟಾದ ಮೇಲೂ ಎರಡು ಮೂರು ತಿಂಗಳು ಜಾಡಿಯಲ್ಲೇ ಇರಲಿ. ಸೀಸೆಗೆ ತುಂಬಿಸಲು ಯಾರಿಗೂ ಅವಸರ ಇಲ್ಲ.

ರಾತ್ರಿಪಾಳಿ

ಓದುತ್ತ ಓದುತ್ತ ನನ್ನ ಅನುಮಾನವೂ ಬಂತು. ಹಣ್ಣು ಹಿಚುಕುವ ಬದಲು ಡಬ್ಬಿಯ ರಸದಲ್ಲಿ ಮಾಡಬಹುದೇ? ನಾನು ಹಾಗೆ ಯೀಸ್ಟ್ ಹಾಕಿ ಇಟ್ಟು ಮೂರು ದಿನವಾಯಿತು, ಒಂದು ಗುಳ್ಳೆಯೂ ಇಲ್ಲ.

ಪ್ರಯೋಗಶಾಲೆ

ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. ಪೊಟ್ಯಾಸಿಯಂ ಸಾರ್ಬೇಟ್ ಅಥವಾ ಸೋಡಿಯಂ ಬೆಂಜೋಯೇಟ್ ಎಂದಿದ್ದರೆ ಅದು ಯೀಸ್ಟ್ ಬೆಳೆಯದಂತೆ ತಡೆಯಲೆಂದೇ ಹಾಕಿದ್ದು. ಎಷ್ಟು ಯೀಸ್ಟ್ ಹಾಕಿದರೂ ಕಷ್ಟ. ಅವಿಲ್ಲದ, ಪಾಶ್ಚರೀಕರಿಸಿ ಪ್ಯಾಕ್ ಮಾಡಿದ ರಸ ತನ್ನಿ. ವಿಟಮಿನ್ ಸಿ ಇದ್ದರೆ ತೊಂದರೆ ಇಲ್ಲ.

ಮೊದಲ ಜಾಡಿ

ಎಲ್ಲರಿಗೂ ಕೃತಜ್ಞತೆಗಳು. ಅತ್ತೆಯವರಿಗೆ ಪ್ರಯೋಗಶಾಲೆಯವರ ಉತ್ತರ ಓದಿ ಹೇಳಿದೆ. "ಭಟ್ಟಿ ಇಳಿಸುವುದಿಲ್ಲ ತಾನೆ?" ಎಂದು ಮೂರು ಸಲ ಕೇಳಿ, ಆಮೇಲೆ ತಾವೇ ಕುಳಿತು ದ್ರಾಕ್ಷಿ ಬಿಡಿಸಿಕೊಟ್ಟರು. ಕೊಳೆತದ್ದನ್ನು ಒಂದನ್ನೂ ಬಿಡದೆ ಆರಿಸಿ ತೆಗೆದರು.

ಕಪ್ಪು ದ್ರಾಕ್ಷಿ ಎಂಟು ಕಿಲೋ. ಮೊದಲ ಅಳತೆ 1.068. ಲೆಕ್ಕ ಹಾಕಿ 260 ಗ್ರಾಂ ಸಕ್ಕರೆ ಸೇರಿಸಿದೆ, 1.087 ಆಯಿತು. 71ಬಿ ಯೀಸ್ಟ್. ಎರಡನೆಯ ದಿನವೇ ಸಿಪ್ಪೆ ಮೇಲೆದ್ದಿತು. ಒಗರು ಅವರು ಹೇಳಿದ ಮಳೆಯ ಸದ್ದು ನನಗೂ ಕೇಳಿಸಿತು!

ಈಗ ನಾಲ್ಕನೆಯ ದಿನ, 1.058. ಆದರೆ ಬೆಳಿಗ್ಗೆ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ ಮೂಗಿಗೆ ಬಡಿಯಿತು. ಮನೆಯವರೆಲ್ಲ ಕೆಟ್ಟುಹೋಯಿತು ಎನ್ನುತ್ತಿದ್ದಾರೆ. ಚೆಲ್ಲಬೇಕೇ?

ಪ್ರಯೋಗಶಾಲೆ

ಚೆಲ್ಲಬೇಡಿ, ಚೆಲ್ಲಬೇಡಿ. ಅದು ಹೈಡ್ರೋಜನ್ ಸಲ್ಫೈಡ್. ಸಾರಜನಕ ಸಾಲದೆ ಯೀಸ್ಟ್ ಹಸಿದಿದೆ ಎಂಬುದರ ಗುರುತು. ಡೈಅಮೋನಿಯಂ ಫಾಸ್ಫೇಟ್ ಇರುವ ಯೀಸ್ಟ್ ಪೋಷಕ ಸಿಕ್ಕರೆ ಐದು ಲೀಟರಿಗೆ ಒಂದು ಗ್ರಾಮಿನ ಆಸುಪಾಸು, ನೀರಿನಲ್ಲಿ ಕರಗಿಸಿ ಹಾಕಿ ಚೆನ್ನಾಗಿ ಕಲಕಿ. ಇವತ್ತೇ ಹಾಕಿ. ಆಲ್ಕೋಹಾಲ್ ಹೆಚ್ಚಾದ ಮೇಲೆ ಯೀಸ್ಟಿಗೆ ಅದನ್ನು ಹೀರಿಕೊಳ್ಳಲು ಆಗುವುದಿಲ್ಲ. ಒಣಪುಡಿಯನ್ನು ನೇರವಾಗಿ ಸುರಿದರೆ ನೊರೆ ಉಕ್ಕಿ ನೆಲವೆಲ್ಲ ಆಗುತ್ತದೆ, ಎಚ್ಚರ.

ಕೋಣೆಯ ಉಷ್ಣತೆ ಎಷ್ಟಿದೆ? ಕೆಂಪು ವೈನಿಗೆ 20ರಿಂದ 28 ಡಿಗ್ರಿ ಹಿತ. ಅದಕ್ಕಿಂತ ಬಿಸಿಯಾದರೆ ಬಕೆಟ್ಟನ್ನು ನೀರು ತುಂಬಿದ ಅಗಲ ತೊಟ್ಟಿಯಲ್ಲಿ ಕೂರಿಸಿ.

ಮೊದಲ ಜಾಡಿ

ಪೋಷಕ ಹಾಕಿದ ಮರುದಿನವೇ ವಾಸನೆ ಅರ್ಧ ಇಳಿಯಿತು, ಮೂರನೆಯ ದಿನಕ್ಕೆ ಇಲ್ಲವೇ ಇಲ್ಲ. ಉಷ್ಣತೆ 27 ಇದೆ. ಎಂಟನೆಯ ದಿನ 1.010ಕ್ಕೆ ಬಂದಾಗ ಚೀಲದಲ್ಲಿ ಸೋಸಿ, ಹಿಂಡಿ, ಜಾಡಿಗೆ ತುಂಬಿ ಏರ್‌ಲಾಕ್ ಹಾಕಿದ್ದೇನೆ. ಆದರೆ ಕುತ್ತಿಗೆಯ ಕೆಳಗೆ ನಾಲ್ಕು ಬೆರಳು ಖಾಲಿ ಉಳಿದಿದೆ. ಪರವಾಗಿಲ್ಲವೇ?

ಹದಗಾರ

ಈಗ ಪರವಾಗಿಲ್ಲ, ಇನ್ನೂ ಅನಿಲ ಬರುತ್ತಿದೆ, ಅದೇ ಕಾವಲು ಕಾಯುತ್ತದೆ. ಅನಿಲ ನಿಂತ ಮೇಲೆ ಆ ಖಾಲಿ ಜಾಗವೇ ವೈರಿ. ಗಾಳಿ ಇದ್ದಲ್ಲಿ ಅಸಿಟೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಆಲ್ಕೋಹಾಲನ್ನು ವಿನೆಗರ್ ಮಾಡುತ್ತದೆ. ಹಣ್ಣುನೊಣದ ಕಾಲಿಗೆ ಅಂಟಿಕೊಂಡೇ ಅದು ಬರುತ್ತದೆ, ಆದ್ದರಿಂದ ಒಂದು ನೊಣವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಮೂರು ನಾಲ್ಕು ವಾರಕ್ಕೆ ತಳದಲ್ಲಿ ಗಷ್ಟು ಕೂರುತ್ತದೆ. ಆಗ ಕೊಳವೆಯಿಂದ ಮೇಲಿನ ತಿಳಿಯನ್ನು ಇನ್ನೊಂದು ಪಾತ್ರೆಗೆ ಇಳಿಸಿ, ಜಾಡಿ ತೊಳೆದು ಮತ್ತೆ ತುಂಬಿಸಿ. ಕೊಳವೆಯ ತುದಿ ಪಾತ್ರೆಯ ತಳ ಮುಟ್ಟಿರಲಿ, ಮೇಲಿನಿಂದ ಸುರಿದರೆ ಗಾಳಿ ಬೆರೆಯುತ್ತದೆ. ಕಡಿಮೆ ಬಿದ್ದಷ್ಟನ್ನು ಅದೇ ಬಗೆಯ ವೈನಿನಿಂದ ತುಂಬಿ. ಇಲ್ಲವಾದರೆ ಕುದಿಸಿ ಆರಿಸಿದ ಗಾಜಿನ ಗೋಲಿಗಳನ್ನು ಒಂದೊಂದಾಗಿ ಒಳಗೆ ಜಾರಿಸಿ, ಮಟ್ಟ ತಾನೇ ಏರುತ್ತದೆ.

ಇಳಿಸುವಾಗ, ವೈನ್ ಕೆಡದಂತೆ ಕಾಯುವ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ (ಸಲ್ಫೈಟ್) ಐದು ಲೀಟರಿಗೆ ಕಾಲು ಗ್ರಾಂ ಹಾಕಿ. ಲೀಟರಿಗೆ 28 ಮಿಲಿಗ್ರಾಂ ಗಂಧಕದ ಡೈಆಕ್ಸೈಡ್ ಬರುತ್ತದೆ. ಕಾಲು ಗ್ರಾಂ ತೂಗುವ ತಕ್ಕಡಿ ಮನೆಯಲ್ಲಿ ಇರುವುದಿಲ್ಲ. ಹತ್ತು ಗ್ರಾಮನ್ನು ನೀರಿನಲ್ಲಿ ಕರಗಿಸಿ ಒಟ್ಟು ನೂರು ಮಿಲಿಲೀಟರ್ ಮಾಡಿ, ಸೂಜಿಯಿಲ್ಲದ ಸಿರಿಂಜಿನಿಂದ ಎರಡೂವರೆ ಮಿಲಿಲೀಟರ್ ತೆಗೆದರೆ ಕಾಲು ಗ್ರಾಂ. ದ್ರಾವಣ ಹೊಸದಾಗಿರಲಿ.

ಒಗರು

ನಾನು ಹಾಕುವುದಿಲ್ಲ, ಆದರೆ ಹಾಕಬೇಡಿ ಎನ್ನುವುದೂ ಇಲ್ಲ. ಹಾಕದೆ ಇರಬೇಕಾದರೆ ಸ್ವಚ್ಛತೆಯಲ್ಲಿ ಕೂದಲಿನಷ್ಟೂ ಸಡಿಲಿಕೆ ಇರಬಾರದು, ಮೊದಲ ವರ್ಷ ಅಷ್ಟು ಕೈ ಪಳಗಿರುವುದಿಲ್ಲ. ಆದರೆ ಕುಡಿಯುವವರಲ್ಲಿ ಆಸ್ತಮಾ ಇರುವವರಿದ್ದರೆ ಮೊದಲೇ ಹೇಳಿ. ಸಲ್ಫೈಟ್ ಕೆಲವರಿಗೆ ಉಸಿರು ಕಟ್ಟಿಸುತ್ತದೆ. ಪುಡಿ ಕರಗಿಸುವಾಗ ನೀವೂ ಕಿಟಕಿ ತೆರೆದಿಡಿ, ಮುಖ ದೂರ ಇಡಿ.

ಮೊದಲ ಜಾಡಿ

ನಾಲ್ಕು ತಿಂಗಳಾಯಿತು. ಎರಡು ಸಲ ಗಷ್ಟಿನಿಂದ ಇಳಿಸಿದ್ದೇನೆ. 0.994, 0.994, 0.994: ವಾರಕ್ಕೊಂದರಂತೆ ಮೂರು ಅಳತೆ. ಲೆಕ್ಕದಂತೆ ಶೇಕಡಾ 12.2. ಜಾಡಿಯ ಹಿಂದೆ ಟಾರ್ಚ್ ಹಿಡಿದರೆ ಬೆಳಕು ಕೆಂಪು ಕಲ್ಲಿನಂತೆ ಈಚೆ ಬರುತ್ತದೆ. ಬೇರೆ ಬಿಟ್ಟ ಒಂದು ಲೀಟರ್ ಐದು ದಿನ ಚೆನ್ನಾಗಿ ನಡೆದು ನಿಂತಿತು, ಈಗ ನೇರ ವಿನೆಗರ್. ಹದಗಾರರ ಮಾತು ನಿಜವಾಯಿತು.

ಒಂದು ತೊಟ್ಟು ರುಚಿ ನೋಡಿದೆ. ಹಣ್ಣಿನ ಪರಿಮಳ ಇದೆ, ಕೊನೆಯಲ್ಲಿ ಒಗರು ನಾಲಿಗೆ ಹಿಡಿಯುತ್ತದೆ. ನನಗೆ ಇಷ್ಟವಾಯಿತು. ಮನೆಯವರಿಗೆ ಸ್ವಲ್ಪ ಸಿಹಿ ಬೇಕಂತೆ. ಹಳೆ ಸೀಸೆ ಅವರ ಅನುಭವ ಓದಿದ ಮೇಲೆ ಸಕ್ಕರೆ ಹಾಕಲು ಕೈ ಬರುತ್ತಿಲ್ಲ.

ಪ್ರಯೋಗಶಾಲೆ

ಸಿಹಿ ಮಾಡಬಹುದು, ಕ್ರಮ ತಪ್ಪಬಾರದು. ವೈನ್ ಪೂರ್ತಿ ಒಣಗಿರಬೇಕು, ತಿಳಿಯಾಗಿರಬೇಕು, ಗಷ್ಟಿನಿಂದ ಇಳಿಸಿರಬೇಕು. ಪೊಟ್ಯಾಸಿಯಂ ಸಾರ್ಬೇಟ್ ಲೀಟರಿಗೆ 0.2 ಗ್ರಾಂ, ಜೊತೆಗೆ ಮೇಲೆ ಹೇಳಿದ ಸಲ್ಫೈಟ್. ಸಾರ್ಬೇಟ್ ಯೀಸ್ಟನ್ನು ಕೊಲ್ಲುವುದಿಲ್ಲ, ಮರಿ ಹಾಕದಂತೆ ತಡೆಯುತ್ತದೆ. ಹುದುಗುತ್ತಿರುವ ವೈನಿಗೆ ಹಾಕಿ ನಿಲ್ಲಿಸುತ್ತೇನೆಂದರೆ ಆಗುವುದಿಲ್ಲ. ಸಲ್ಫೈಟ್ ಬಿಟ್ಟು ಸಾರ್ಬೇಟ್ ಒಂದನ್ನೇ ಹಾಕಿದರೆ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಅದನ್ನು ತಿಂದು ಜೆರೇನಿಯಂ ಎಲೆ ಉಜ್ಜಿದಂಥ ವಾಸನೆ ಬರಿಸುತ್ತದೆ, ಅದಕ್ಕೆ ಮದ್ದಿಲ್ಲ. ಮರುದಿನ ಸಕ್ಕರೆ ಕರಗಿಸಿ ಹಾಕಿ, ಮತ್ತೆ ಏರ್‌ಲಾಕಿನಲ್ಲಿ ಎರಡು ವಾರ ಬಿಟ್ಟು, ಅಳತೆ ಕದಲಿಲ್ಲವೆಂದು ನೋಡಿಕೊಂಡು ಸೀಸೆಗೆ.

ಹಳೆ ಸೀಸೆ

ಇನ್ನೊಂದು ಉಪಾಯ: ಒಣ ವೈನನ್ನು ಹಾಗೆಯೇ ಸೀಸೆಗೆ ತುಂಬಿಸಿ. ಸಿಹಿ ಬೇಕೆನ್ನುವವರು ಲೋಟಕ್ಕೆ ಅರ್ಧ ಚಮಚ ಸಕ್ಕರೆ ಪಾಕ ಬೆರೆಸಿಕೊಳ್ಳಲಿ. ನಮ್ಮ ಮನೆಯಲ್ಲಿ ಈಗ ಹಾಗೆಯೇ.

ಮೊದಲ ಜಾಡಿ

ಅದೇ ಮಾಡಿದೆ. ಆರು ಸೀಸೆ ತುಂಬಿತು, ತಳದಲ್ಲಿ ಅರ್ಧ ಲೋಟ ಉಳಿಯಿತು. ಬಾಡಿಗೆಯ ಯಂತ್ರದಲ್ಲಿ ಬಿರಡೆ ಒತ್ತಿ, ಮೂರು ದಿನ ನಿಲ್ಲಿಸಿ, ಈಗ ಕತ್ತಲ ಮೂಲೆಯಲ್ಲಿ ಮಲಗಿಸಿದ್ದೇನೆ. ಪ್ರತಿ ಸೀಸೆಗೂ ದಿನಾಂಕ ಬರೆದು ಚೀಟಿ ಅಂಟಿಸಿದ್ದು ಅತ್ತೆಯವರು. ಆರು ತಿಂಗಳು ಮುಟ್ಟಬಾರದೆಂದು ಅವರದೇ ಕಟ್ಟಪ್ಪಣೆ.

ಜಾಡಿ ಖಾಲಿಯಾಗಿದೆ. ಮುಂದಿನದು ಸೇಬು ಎಂದುಕೊಂಡಿದ್ದೇನೆ. ಹಣ್ಣನ್ನು ಬೇಯಿಸಿ ರಸ ತೆಗೆಯುವುದು ಸುಲಭವಲ್ಲವೇ?

ಹದಗಾರ

ಬೇಯಿಸಬೇಡಿ. ಬಿಸಿಗೆ ಪೆಕ್ಟಿನ್ ರಸಕ್ಕೆ ಇಳಿದು ವೈನ್ ವರ್ಷವಾದರೂ ಮಬ್ಬಾಗಿಯೇ ಉಳಿಯುತ್ತದೆ. ಹಸಿಯಾಗಿ ತುರಿದು ಅಥವಾ ಜಜ್ಜಿ, ಸಲ್ಫೈಟ್ ಹಾಕಿ ಅರ್ಧ ದಿನ ಬಿಟ್ಟು ಪೆಕ್ಟಿನ್ ಒಡೆಯುವ ಪೆಕ್ಟಿನೇಸ್ ಕಿಣ್ವ ಬೆರೆಸಿ. ಇನ್ನರ್ಧ ದಿನದ ನಂತರ ಹಿಂಡಿದರೆ ರಸ ಸಲೀಸಾಗಿ ಬಿಡುತ್ತದೆ, ಯೀಸ್ಟನ್ನೂ ಆಗಲೇ ಹಾಕಿ. ಸೇಬಿನಲ್ಲಿ ಸಕ್ಕರೆ ದ್ರಾಕ್ಷಿಗಿಂತ ಕಡಿಮೆ, 1.050ರ ಆಸುಪಾಸು ಬರುತ್ತದೆ. ಅಳೆದು ಇಲ್ಲಿ ಬರೆಯಿರಿ, ಸಕ್ಕರೆಯ ಲೆಕ್ಕ ಒಟ್ಟಿಗೆ ಹಾಕೋಣ.